ಶಾಲೆಯ ಸುದ್ದಿ ಮನೆ ಮುಟ್ಟಲಿ

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಮುಖ್ಯಾಧ್ಯಾಪಕರೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)

 

ಶಾಲೆ ಆರಂಭವಾಗಿ ತಿಂಗಳಾಗುತ್ತ ಬಂತು. 'ಪ್ರೌಢಶಾಲೆ ಮತ್ತು ಪಾಲಕರು' ಎಂಬ ವಿಷಯ ಕೊಟ್ಟು ಅರ್ಧ ತಾಸು ಮಾತನಾಡಬೇಕೆಂದು ಪೂಜ್ಯರು ಅಪ್ಪಣೆ ಮಾಡಿದ್ದಾರೆ. ಈ ವಿಷಯದ ಮೇಲೆ ಭಾಷಣ ಮಾಡುವುದು ಬಲು ಸುಲಭ. ಪಾಲಕರ ಕರ್ತವ್ಯ ಹತ್ತು, ಶಿಕ್ಷಕರ ಕರ್ತವ್ಯ ಹತ್ತು ಎಂದು ಪಟ್ಟಿ ಓದಿ ಕುಳಿತರೆ ಮುಗಿಯಿತು. 33 ವರ್ಷಗಳ ಸೇವೆಯಲ್ಲಿ ಅಂಥ ಪಟ್ಟಿಗಳನ್ನು ನಾನೂ ಸಾಕಷ್ಟು ಓದಿದ್ದೇನೆ. ಕೇಳಿದವರು ಚಪ್ಪಾಳೆ ತಟ್ಟಿದ್ದಾರೆ, ಮರುದಿನ ಏನೂ ಬದಲಾಗಿಲ್ಲ. ಈ ಹೊತ್ತು ಪಟ್ಟಿ ಬೇಡ. ನಾನೇ ಸಹಿ ಮಾಡಿ ಕಳಿಸಿದ ಒಂದು ಕಾರ್ಡಿನ ಕಥೆಯಿಂದ ಶುರು ಮಾಡುತ್ತೇನೆ. ಅದನ್ನು ಹೇಳುವುದರಲ್ಲಿ ನನಗೆ ಹೆಮ್ಮೆಯೇನೂ ಇಲ್ಲ.

1998ರ ಹತ್ತಿ ಸುಗ್ಗಿ. ನಾನು ಮುಖ್ಯಾಧ್ಯಾಪಕನಾಗಿ ಎರಡನೆಯ ವರ್ಷ. ಯಾವ ಊರು, ಯಾವ ಶಾಲೆ ಎಂಬುದು ಬೇಡ. ನಮ್ಮ ಕಡೆ ಹತ್ತಿ ಬಿಡಿಸುವ ಕಾಲ ಬಂತೆಂದರೆ ಹುಡುಗಿಯರು ಶಾಲೆಗೆ ಬರುವುದು ಕಡಿಮೆಯಾಗುತ್ತದೆ, ಅದು ನಿಮಗೆ ಗೊತ್ತಿರುವ ಮಾತೇ. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಹದಿನೆಂಟು ದಿನ ಬರಲಿಲ್ಲ. ಶಾಲೆಯಲ್ಲಿ ಅಚ್ಚು ಹಾಕಿಸಿದ ಕಾರ್ಡುಗಳಿದ್ದವು. ಹೆಸರು ತುಂಬಬೇಕು, ದಿನ ತುಂಬಬೇಕು, ಸಹಿ ಹಾಕಬೇಕು, ಅಷ್ಟೇ. ಅದರಲ್ಲಿ ಹೀಗೆ ಅಚ್ಚಾಗಿತ್ತು: 'ತಮ್ಮ ಪಾಲ್ಯ ಇಂಥವರು ಇಷ್ಟು ದಿನ ಪೂರ್ವಾನುಮತಿಯಿಲ್ಲದೆ ಗೈರುಹಾಜರಿದ್ದು, ಪತ್ರ ತಲುಪಿದ ಕೂಡಲೇ ಕಾರ್ಯಾಲಯಕ್ಕೆ ಬಂದು ಕಾಣತಕ್ಕದ್ದು. ತಪ್ಪಿದಲ್ಲಿ ಹಾಜರಿ ಪುಸ್ತಕದಿಂದ ಹೆಸರನ್ನು ಕಡಿಮೆಗೊಳಿಸಲಾಗುವುದು.' ಆ ದಿನ ಅಂಥ ಹನ್ನೊಂದು ಕಾರ್ಡಿಗೆ ಸಹಿ ಹಾಕಿದೆ. ಚಹಾ ಕುಡಿಯುತ್ತ ಹಾಕಿದೆ.

ಮೂರು ತಿಂಗಳ ನಂತರ ಆ ಹುಡುಗಿಯ ತಾಯಿ ಶಾಲೆಗೆ ಬಂದಳು. ಮಗಳ ವಯಸ್ಸಿನ ದಾಖಲೆ ಬೇಕಾಗಿತ್ತು. ಯಾಕೆಂದು ಕೇಳಿದೆ. ಲಗ್ನ ನಿಶ್ಚಯವಾಗಿದೆ, ಯಾರೋ ಕೇಳುತ್ತಿದ್ದಾರೆ ಎಂದಳು. 'ಒಂಬತ್ತನೇತ್ತೆ ಓದೋ ಹುಡುಗಿ, ಸಾಲಿ ಯಾಕ ಬಿಡಿಸಿದಿ ಯವ್ವಾ?' ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ. ಆಕೆ ಸೆರಗಿನ ಗಂಟು ಬಿಚ್ಚಿ ಆ ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು. 'ನೀವ ಹೆಸರು ತೆಗದೀರಂತ ಬರದಿದ್ರಲ್ರಿ ಸರ' ಎಂದಳು.

ಆಕೆಗೆ ಓದಲು ಬರುತ್ತಿರಲಿಲ್ಲ. ಅಂಗಡಿಯಲ್ಲಿ ಕುಳಿತ ಯಾರಿಂದಲೋ ಓದಿಸಿದ್ದಳು. ಓದಿದವನಿಗೆ 'ತಪ್ಪಿದಲ್ಲಿ' ಎಂಬುದು ದಾಟಿಹೋಗಿ, 'ಹೆಸರು ಕಡಿಮೆ' ಎಂಬುದಷ್ಟೇ ಕಂಡಿತ್ತು. ಸಾಲಿಯಿಂದ ಹೆಸರು ತೆಗೆದರು, ಇನ್ನೇನು, ಲಗ್ನ ಮಾಡಿಬಿಡೋಣ ಎಂದು ಮನೆಯವರು ಗಂಡು ಹುಡುಕಿದ್ದರು. ಹುಡುಗಿ ಅತ್ತಳಂತೆ. ಆದರೆ ಸಾಲಿಯವರೇ ಬೇಡವೆಂದ ಮೇಲೆ ಅತ್ತರೆ ಯಾರು ಕೇಳುತ್ತಾರೆ?

ಆ ಹುಡುಗಿ ವಿಜ್ಞಾನದಲ್ಲಿ ಬಹಳ ಚುರುಕು. ಹೃದಯದ ಚಿತ್ರ ಬರೆಸಿದರೆ ನಾಲ್ಕು ಕೋಣೆಗಳನ್ನೂ ಕವಾಟಗಳನ್ನೂ ನೋಡದೆ ಬರೆಯುತ್ತಿದ್ದಳು. ಇದನ್ನು ನಾನು ತಾಯಿಗೆ ಹೇಳಿದೆ. 'ಇಷ್ಟು ಶಾಣ್ಯಾಕಿ ಹುಡುಗಿನ್ನ ಬಿಡಿಸಬಾರದಾಗಿತ್ತು' ಎಂದೆ. ಆಗ ಆ ತಾಯಿ ಸಿಟ್ಟಿಲ್ಲದೆ, ದನಿ ಏರಿಸದೆ ಹೇಳಿದ ಮಾತು ಇದು: 'ಎರಡು ವರ್ಷದಾಗ ನಿಮ್ಮ ಸಾಲಿಯಿಂದ ನಮ್ಮ ಮನಿಗೆ ಬಂದಿದ್ದು ಅದೊಂದ ಕಾಗದ ರೀ ಸರ. ಆಕಿ ಶಾಣ್ಯಾ ಅದಾಳಂತ ಈಗ ಹೇಳಾಕತ್ತೀರಿ.'

ನಾನು ಮಾತಾಡಲಿಲ್ಲ. ಹುಡುಗಿಗೆ ಹದಿನೈದು ತುಂಬಿತ್ತು. ಹದಿನೆಂಟಕ್ಕಿಂತ ಮೊದಲು ಲಗ್ನ ಮಾಡಬಾರದೆಂಬ ಕಾನೂನು ಆಗಲೂ ಇತ್ತು. ನಾನು ತಹಶೀಲ್ದಾರರ ಹತ್ತಿರ ಹೋಗಬಹುದಾಗಿತ್ತು. ಹೋಗಲಿಲ್ಲ. ಎರಡು ದಿನ ತಡೆದು ಒಬ್ಬ ಶಿಕ್ಷಕರನ್ನು ಅವರ ಮನೆಗೆ ಕಳಿಸಿದೆ. 'ಅಕ್ಷತೆ ಹಂಚಿಬಿಟ್ಟಾರ್ರಿ' ಎಂದು ಅವರು ತಿರುಗಿ ಬಂದರು. ಆ ಹುಡುಗಿಯನ್ನು ನಾನು ಮತ್ತೆ ನೋಡಿಲ್ಲ. ತಾಯಿ ಸಂತೆಯಲ್ಲಿ ಸಿಗುತ್ತಿದ್ದಳು. 'ಅರಾಮ ಅದೀರೇನ್ರಿ ಸರ' ಎಂದು ಆಕೆಯೇ ಮೊದಲು ಮಾತಾಡಿಸುತ್ತಿದ್ದಳು.

ಶರಣ ಬಂಧುಗಳೇ, ಅಂದಿನಿಂದ ನನ್ನನ್ನು ಕಾಡುತ್ತ ಬಂದದ್ದು ಒಂದೇ ಪ್ರಶ್ನೆ. ಶಾಲೆ ಮನೆಗೆ ಏನು ಹೇಳುತ್ತದೆ, ಯಾವಾಗ ಹೇಳುತ್ತದೆ? ಹಣ ಬೇಕಾದಾಗ ಹೇಳುತ್ತದೆ. ತಪ್ಪು ಮಾಡಿದಾಗ ಹೇಳುತ್ತದೆ. ಪರೀಕ್ಷೆಯಲ್ಲಿ ಬಿದ್ದಾಗ ಹೇಳುತ್ತದೆ. ಉಳಿದ ಇನ್ನೂರು ದಿನಗಳಲ್ಲಿ ಮಗು ಏನು ಕಲಿಯಿತು, ಯಾರ ಜೊತೆ ಕುಳಿತು ಉಂಡಿತು, ಯಾವ ಪಾಠಕ್ಕೆ ಅದರ ಕಣ್ಣು ಅರಳಿತು, ಇದನ್ನು ಮನೆಗೆ ಹೇಳುವವರು ಯಾರೂ ಇಲ್ಲ. ಶಾಲೆಯಿಂದ ಬರುವ ಕಾಗದವೆಂದರೆ ಕೋರ್ಟಿನ ಸಮನ್ಸು ಬಂದಂತೆ ಮನೆಯವರು ಹೆದರುವುದು ಇದಕ್ಕೇ.

ಮೊದಲಿನಿಂದಲೂ ಹೀಗೇ ಇತ್ತೇ? ನಾನು ಕಂಡಂತೆ ಇರಲಿಲ್ಲ. ಧಾರವಾಡದಲ್ಲಿ 1883ರಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಆರಂಭವಾಯಿತು, 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಸೇರಿ ಕೆ.ಎಲ್.ಇ. ಸಂಸ್ಥೆ ಕಟ್ಟಿದರು, ಮಠಮಠಗಳಲ್ಲಿ ಉಚಿತ ಪ್ರಸಾದ ನಿಲಯಗಳು ಎದ್ದವು ಎಂಬುದೆಲ್ಲ ನಮ್ಮ ಭಾಷಣಗಳಲ್ಲಿ ಬಂದೇ ಬರುತ್ತದೆ. ಅವರ ತ್ಯಾಗದ ಮಾತನ್ನು ನಾವು ಆಡುತ್ತೇವೆ. ಆದರೆ ಆ ಪ್ರಸಾದ ನಿಲಯಗಳಲ್ಲಿ ನಡೆಯುತ್ತಿದ್ದ ಇನ್ನೊಂದು ಕೆಲಸವನ್ನು ಮರೆತಿದ್ದೇವೆ. ನಾನೇ 1967ರಿಂದ ಮೂರು ವರ್ಷ ಒಂದು ಮಠದ ಪ್ರಸಾದ ನಿಲಯದಲ್ಲಿ ಇದ್ದು ಓದಿದವನು. ಸುಗ್ಗಿ ಮುಗಿದ ಮೇಲೆ ಸ್ವಾಮಿಗಳು ಜೋಳಿಗೆ ಹಿಡಿದು ಹಳ್ಳಿಗಳಿಗೆ ಹೊರಡುತ್ತಿದ್ದರು. ನಮ್ಮೂರಿಗೂ ಹೋಗುತ್ತಿದ್ದರು. ನಮ್ಮವ್ವ ಒಂದು ಸೇರು ಜೋಳ ನೀಡಿದಾಗ ಅವರು ಅಂಗಳದಲ್ಲೇ ನಿಂತು ಹೇಳಿದರಂತೆ: 'ನಿನ್ನ ಮಗ ಲೆಕ್ಕದಾಗ ಹುಷಾರಿ ಅದಾನವ್ವಾ. ಊಟ ಮಾತ್ರ ಕಡಿಮಿ ಮಾಡ್ತಾನ. ರಾತ್ರಿ ನಿನ್ನ ನೆನಸ್ತಾನೋ ಏನೋ.' ನಮ್ಮವ್ವ ಈ ಮಾತನ್ನು ಸಾಯುವವರೆಗೂ ಹೇಳುತ್ತಿದ್ದಳು. ನಾನು ಮೆಟ್ರಿಕ್ಕಿನಲ್ಲಿ ಎಷ್ಟು ಅಂಕ ತೆಗೆದೆ ಎಂಬುದು ಅವಳಿಗೆ ಒಂದು ದಿನವೂ ನೆನಪಿರಲಿಲ್ಲ.

ನೋಡಿ, ಅದರಲ್ಲಿ ಏನೇನಿದೆ. ಕಲಿಕೆಯ ಸುದ್ದಿ ಇದೆ, ಆರೋಗ್ಯದ ಸುದ್ದಿ ಇದೆ, ಮನಸ್ಸಿನ ಸುದ್ದಿ ಇದೆ. ತಾಯಿಯ ಭಾಷೆಯಲ್ಲಿದೆ. ತಾಯಿಯ ಅಂಗಳಕ್ಕೇ ಬಂದಿದೆ. ಜೋಳಿಗೆಗೆ ಜೋಳ ಬಿತ್ತು, ಮನೆಗೆ ಮಗನ ಸುದ್ದಿ ಬಿತ್ತು. ಈಗ ನಮ್ಮ ಸಂಸ್ಥೆಗಳು ದೊಡ್ಡವಾಗಿವೆ, ಕಟ್ಟಡ ಎದ್ದಿವೆ, ಕಾಣಿಕೆ ಬ್ಯಾಂಕಿಗೆ ಬರುತ್ತದೆ. ಅಂಗಳಕ್ಕೆ ಹೋಗುವವರು ಇಲ್ಲ.

ಆ ತಾಯಿ ಬಂದುಹೋದ ಮೇಲೆ ನಾನು ಮೊದಲು ಮಾಡಿದ ಕೆಲಸ, ಆ ಅಚ್ಚಿನ ಕಾರ್ಡುಗಳ ಕಟ್ಟನ್ನು ತೆಗೆದು ಒಲೆಗೆ ಹಾಕಿಸಿದ್ದು. ಗುಮಾಸ್ತರು 'ಸರ, ಇನ್ನೂ ಮುನ್ನೂರು ಅದಾವ' ಎಂದು ಮರುಗಿದರು. ಆಮೇಲೆ ಎಂಟನೆಯ ತರಗತಿಯ ಮಕ್ಕಳ ಹೆಸರು ಬರೆದು ಶಿಕ್ಷಕರಿಗೆ ಹಂಚಿದೆ. ಎಂಟು ಜನ ಶಿಕ್ಷಕರು, ಎಂಬತ್ತು ಚಿಲ್ಲರೆ ಮನೆ. ತಲೆಗೆ ಹತ್ತು. ಜುಲೈ ಮುಗಿಯುವುದರೊಳಗೆ ಪ್ರತಿ ಮನೆಗೆ ಒಮ್ಮೆ ಹೋಗಬೇಕು, ಹೋದಾಗ ದೂರು ಹೇಳಬಾರದು. ಇದೊಂದೇ ಷರತ್ತು. ಮಗುವಿನ ಬಗ್ಗೆ ಕಂಡ ಒಂದು ಒಳ್ಳೆಯ ಸಂಗತಿ, ನಿಜವಾದದ್ದು, ಹೇಳಿ ಬರಬೇಕು. ಒಬ್ಬ ಶಿಕ್ಷಕರು, 'ಒಳ್ಳೇದೇನೂ ಇಲ್ಲದ ಹುಡುಗ ಇದ್ರ ಏನ್ ಹೇಳೋದ್ರಿ?' ಎಂದು ಕೇಳಿದರು. 'ಒಂದು ವಾರ ಅವನನ್ನ ನೋಡ್ರಿ, ಆಮ್ಯಾಲೆ ಹೋಗ್ರಿ' ಎಂದೆ. ಅವರು ವಾರವಾದ ಮೇಲೆ ಹೋಗಿ, 'ನಿಮ್ಮ ಹುಡುಗ ದಿನಾ ಎಲ್ಲರಿಗಿಂತ ಮೊದಲು ಬಂದು ಗಿಡಕ್ಕ ನೀರು ಹಾಕ್ತಾನ' ಎಂದು ಹೇಳಿ ಬಂದರು. ಅದು ಆ ಮನೆಗೆ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

ಎರಡನೆಯದು, ಕಲಿಕೆಯ ಸುದ್ದಿ. ಅಂಕದ ಸುದ್ದಿಯಲ್ಲ, ಕಲಿಕೆಯ ಸುದ್ದಿ. ಇವೆರಡೂ ಬೇರೆ ಬೇರೆ. ತಿಂಗಳಿಗೊಮ್ಮೆ ನಾಲ್ಕು ಸಾಲಿನ ಚೀಟಿ ಕಳಿಸಲು ಶುರು ಮಾಡಿದೆವು. 'ಈ ತಿಂಗಳು ನಿಮ್ಮ ಮಕ್ಕಳು ಕನ್ನಡಿಯ ಮೇಲೆ ಬಿದ್ದ ಬೆಳಕು ಹೇಗೆ ತಿರುಗುತ್ತದೆ ಎಂದು ಕಲಿತಿದ್ದಾರೆ. ಮನೆಯಲ್ಲಿ ಕನ್ನಡಿ ಇದ್ದರೆ ಮಾಡಿ ತೋರಿಸಲು ಹೇಳಿರಿ.' ಮಕ್ಕಳೇ ಮನೆಯಲ್ಲಿ ಓದಿ ಹೇಳಬೇಕು. ಒಬ್ಬ ತಂದೆ ಮರುದಿನವೇ ಬಂದ. 'ಕನ್ನಡಿ ಒಡದಾನ್ರಿ ಸರ' ಎಂದ. ಇರಲಿ, ಶಾಲೆಗೆ ಬಂದನಲ್ಲ! ಕುಳಿತು ಚಹಾ ಕುಡಿದು ಹೋದ.

ಇನ್ನೊಂದು ಚೀಟಿಯಲ್ಲಿ ಗಣಿತದ ಕ್ಷೇತ್ರಫಲದ ಪಾಠ ನಡೆದಿದೆ ಎಂದು ಬರೆದಿದ್ದೆವು. ಒಬ್ಬ ರೈತ ಮಗನನ್ನು ಹೊಲಕ್ಕೆ ಕರೆದೊಯ್ದು ಹಗ್ಗ ಹಿಡಿಸಿ ಅಳೆಸಿದ. 33 ಅಡಿ ಉದ್ದ, 33 ಅಡಿ ಅಗಲ ಒಂದು ಗುಂಟೆ, 40 ಗುಂಟೆ ಒಂದು ಎಕರೆ ಎಂಬುದು ಆ ತಂದೆಗೆ ಬಾಯಿಪಾಠ. ಹುಡುಗನಿಗೆ ಚದರ ಅಡಿಯ ಲೆಕ್ಕ ಗೊತ್ತು, ಗುಂಟೆ ಗೊತ್ತಿಲ್ಲ. ಇಬ್ಬರೂ ಸೇರಿ ಒಂದು ಸಂಜೆ ಬದುವಿನ ಮೇಲೆ ಕುಳಿತು, ಗುಂಟೆಗೆ 1,089 ಚದರ ಅಡಿ ಎಂದು ಹೊಂದಿಸಿಕೊಂಡರು. ಹುಡುಗ ಬಂದು ತರಗತಿಯಲ್ಲಿ ಹೇಳಿದ. ನಮ್ಮ ಗಣಿತದ ಶಿಕ್ಷಕರು ಮರುವರ್ಷದಿಂದ ಆ ಪಾಠವನ್ನು ಗುಂಟೆಯಿಂದಲೇ ಶುರು ಮಾಡಿದರು. ತಂದೆಗೆ ಸುದ್ದಿ ಹೋಗದಿದ್ದರೆ ಶಿಕ್ಷಕರು ಇದನ್ನು ಎಲ್ಲಿ ಕಲಿಯಬೇಕಿತ್ತು?

ಅಂಕದ ವಿಷಯ ಬಂತು. ಹತ್ತನೆಯ ತರಗತಿಯ ಪಾಲಕರು ಸ್ವಲ್ಪ ಗಮನವಿಟ್ಟು ಕೇಳಬೇಕು, ಏಕೆಂದರೆ ಇದನ್ನು ಅನೇಕ ಶಾಲೆಗಳು ನಿಮಗೆ ಬಿಡಿಸಿ ಹೇಳುವುದಿಲ್ಲ. ಎಸ್ಸೆಸ್ಸೆಲ್ಸಿ ಒಟ್ಟು 625 ಅಂಕ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ನೂರು ನೂರು. ಇದೆಲ್ಲವೂ ಕೊನೆಗೆ ಬರುವ ಮೂರು ತಾಸಿನ ಪರೀಕ್ಷೆಯಿಂದ ಬರುವುದಿಲ್ಲ. ನೂರರಲ್ಲಿ 20 ಅಂಕ, ಪ್ರಥಮ ಭಾಷೆಯಲ್ಲಿ 25 ಅಂಕ, ಶಾಲೆಯಲ್ಲೇ ಕೊಡುವಂಥವು. ಪ್ರಗತಿ ಪತ್ರದಲ್ಲಿ ಎಫ್.ಎ. ಒಂದು, ಎಫ್.ಎ. ಎರಡು ಎಂದು ಬರೆದಿರುತ್ತದಲ್ಲ, ಅದು ಇದೇ. ವರ್ಷದಲ್ಲಿ ನಾಲ್ಕು ಸಲ ನಡೆಯುತ್ತದೆ. ಮಗು ಮಾಡಿದ ಚಟುವಟಿಕೆ, ಬರೆದ ಕಿರು ಪರೀಕ್ಷೆ ಎಲ್ಲ ಅದರಲ್ಲಿ ಸೇರುತ್ತದೆ. ಅಂದರೆ ಆಗಸ್ಟ್ ತಿಂಗಳಲ್ಲಿ ನಿಮ್ಮ ಮಗು ಶೇಂಗಾ ಹೊಲಕ್ಕೆ ಹೋಗಿ ಒಂದು ವಾರ ತಪ್ಪಿಸಿದರೆ ಅದರ ಪೆಟ್ಟು ಮುಂದಿನ ವರ್ಷದ ಅಂಕಪಟ್ಟಿಯಲ್ಲಿ ಕಾಣಬಹುದು. ಇದನ್ನು ಫೆಬ್ರವರಿಯಲ್ಲಿ ಸಭೆ ಕರೆದು ಹೇಳಿದರೆ ಏನು ಪ್ರಯೋಜನ? ಜುಲೈಯಲ್ಲಿ ಹೇಳಬೇಕು.

ಇನ್ನೊಂದು. ಈಗ ಪರೀಕ್ಷೆ ಒಂದು, ಪರೀಕ್ಷೆ ಎರಡು ಎಂದು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮೊದಲನೆಯದರಲ್ಲಿ ನಾಪಾಸಾದ ಮಗು ಅದೇ ಬೇಸಿಗೆಯಲ್ಲಿ ಮತ್ತೆ ಕೂಡಬಹುದು. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಕೂಡಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಫಲಿತಾಂಶ ಬಂದ ದಿನ ನಮ್ಮ ಶಾಲೆಗಳು ಏನು ಮಾಡುತ್ತವೆ? ಹೆಚ್ಚು ಅಂಕ ತೆಗೆದವರ ಮನೆಗೆ ಪೇಡೆ ಹಿಡಿದು ಹೋಗುತ್ತವೆ, ಫೋಟೊ ತೆಗೆಸುತ್ತವೆ, ಬ್ಯಾನರು ಕಟ್ಟುತ್ತವೆ. ಆ ದಿನ ಶಿಕ್ಷಕರು ಮೊದಲು ಹೋಗಬೇಕಾದದ್ದು ನಾಪಾಸಾದ ಮಗುವಿನ ಮನೆಗೆ. ಸಂಜೆಯಾಗುವ ಮೊದಲೇ ಹೋಗಬೇಕು. ಇನ್ನೂ ಅವಕಾಶ ಇದೆ, ಯಾವ ಪಾಠ ಓದಿದರೆ ಎಷ್ಟು ಅಂಕ ಬರುತ್ತದೆ, ಶುಲ್ಕ ಕಟ್ಟಲು ಕೊನೆಯ ದಿನ ಯಾವುದು ಎಂದು ಮಗುವಿನ ಎದುರಿನಲ್ಲೇ ತಂದೆತಾಯಿಗೆ ಹೇಳಬೇಕು. ಆ ರಾತ್ರಿ ಆ ಮನೆಯಲ್ಲಿ ಏನು ನಡೆಯುತ್ತದೆ ಎಂಬುದು ಈ ಒಂದು ಭೇಟಿಯ ಮೇಲೆ ನಿಂತಿರುತ್ತದೆ. ನಾನು ಹೆಚ್ಚು ಬಿಡಿಸಿ ಹೇಳುವುದಿಲ್ಲ, ಪತ್ರಿಕೆಯಲ್ಲಿ ನೀವೂ ಓದುತ್ತೀರಿ.

ಇನ್ನು ಪಾಲಕರ ಸಭೆ. ಮೊದಲು ನಮ್ಮಲ್ಲಿ ಬುಧವಾರ ಹನ್ನೊಂದು ಗಂಟೆಗೆ ಕರೆಯುತ್ತಿದ್ದೆವು. ಶಿಕ್ಷಕರಿಗೆ ಅನುಕೂಲ. ಕೂಲಿ ಮಾಡುವ ತಾಯಿಗೆ ಒಂದು ದಿನದ ಕೂಲಿ ಹೋಯಿತು. ಬಾರದವರನ್ನು 'ಮಕ್ಕಳ ಬಗ್ಗೆ ಕಾಳಜಿ ಇಲ್ಲದವರು' ಎಂದು ನಾವೇ ಬೈಯುತ್ತಿದ್ದೆವು. ಸೋಮವಾರ ನಮ್ಮ ಕಡೆ ಎತ್ತು ಹೂಡುವುದಿಲ್ಲ. ಸೋಮವಾರ ಸಂಜೆ ಏಳು ಗಂಟೆಗೆ ಇಟ್ಟ ಮೇಲೆ ಪಡಸಾಲೆ ತುಂಬಿತು. ಇಷ್ಟು ಸಣ್ಣ ವಿಷಯ ತಿಳಿಯಲು ನಮಗೆ ಹದಿನೈದು ವರ್ಷ ಹಿಡಿಯಿತು.

ಜನ ತುಂಬಿದ ಮೇಲೆ ಇನ್ನೊಂದು ಕಣ್ಣಿಗೆ ಬಿತ್ತು. ಕುರ್ಚಿ ಮೂವತ್ತು. ಅದರ ಮೇಲೆ ಹೊಲಮನೆ ಉಳ್ಳವರು. ಹಿಂದೆ ಗೋಡೆಗೆ ಒರಗಿ ಕೆಳಗಿನ ಓಣಿಯವರು ನಿಂತಿದ್ದರು. ತಾಯಂದಿರು ಬಾಗಿಲಿನ ಹೊರಗೆ, ಕಟ್ಟೆಯ ಮೇಲೆ. ಅನುಭವ ಮಂಟಪದ ಮಾತನ್ನು ದಿನಕ್ಕೆ ಹತ್ತು ಸಲ ಆಡುವವರು ನಾವು! ಮುಂದಿನ ತಿಂಗಳು ಕುರ್ಚಿ ತೆಗೆಸಿ ಜಮಖಾನೆ ಹಾಸಿಸಿದೆ. ಆಡಳಿತ ಮಂಡಳಿಯ ಒಬ್ಬ ಹಿರಿಯರು ಬಂದು ನಿಂತು, 'ಏನ್ ಸರ, ನಾವೂ ಕೆಳಗ ಕೂಡ್ರಬೇಕೇನ್ರಿ?' ಎಂದರು. 'ನಾನೂ ಕೂಡ್ರಾಕತ್ತೇನ್ರಿ' ಎಂದು ಕುಳಿತೆ. ಅವರು ಆ ದಿನ ಕುಳಿತುಕೊಳ್ಳಲಿಲ್ಲ, ಹೊರಟುಹೋದರು. ಎರಡು ಸಭೆಗೆ ಬರಲಿಲ್ಲ. ಮೂರನೆಯದಕ್ಕೆ ಬಂದು ಕಂಬಕ್ಕೆ ಒರಗಿ ಕುಳಿತರು. ಮೊಣಕಾಲು ನೋವು ಎಂದರು, ನಿಜವೂ ಇರಬಹುದು.

ತಾಯಂದಿರು ಒಳಗೆ ಬಂದು ಕುಳಿತರೂ ಮಾತಾಡಲಿಲ್ಲ. ಗಂಡಸರು ಶುಲ್ಕ, ಸಮವಸ್ತ್ರ, ಬಸ್ಸಿನ ವೇಳೆ ಎಂದು ಮಾತಾಡಿ ಎದ್ದರು. ಹಾಗಾಗಿ ನಮ್ಮ ಶಾಲೆಯಲ್ಲಿದ್ದ ಒಬ್ಬರೇ ಶಿಕ್ಷಕಿ ತಾಯಂದಿರನ್ನಷ್ಟೇ ಬೇರೆ ಕೂಡಿಸಿಕೊಂಡರು. ಅರ್ಧ ತಾಸಿನಲ್ಲಿ ಹೊರಬಂದ ಮಾತು ನಾವು ನಾಲ್ಕು ವರ್ಷದಲ್ಲಿ ಕೇಳಿರಲಿಲ್ಲ. ಶೌಚಾಲಯದಲ್ಲಿ ನೀರಿಲ್ಲದೆ ಹುಡುಗಿಯರು ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಕುಡಿಯುವುದಿಲ್ಲ. ತಿಂಗಳಿಗೆ ನಾಲ್ಕು ದಿನ ಹಲವರು ಮನೆಯಲ್ಲೇ ಉಳಿಯುತ್ತಾರೆ. ನಾವು ಹಾಜರಿ ಪುಸ್ತಕದಲ್ಲಿ 'ಗೈರು' ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದ ದಿನಗಳು ಅವೇ! ಹದಿನೈದು ದಿನದಲ್ಲಿ ಟ್ಯಾಂಕು ಕೂಡಿಸಿದೆವು. ಸುದ್ದಿ ಶಾಲೆಯಿಂದ ಮನೆಗೆ ಹೋದರಷ್ಟೇ ಸಾಲದು, ಮನೆಯಿಂದ ಶಾಲೆಗೂ ಬರಬೇಕು. ಮನೆಯಲ್ಲಿ ಕಾಯಿಲೆ ಇದೆ, ಹುಡುಗ ನಸುಕಿನ ನಾಲ್ಕಕ್ಕೆ ಎದ್ದು ಹಾಲು ಹಾಕಿ ಬರುತ್ತಾನೆ ಎಂಬುದು ಗೊತ್ತಿದ್ದರೆ, ಮೂರನೆಯ ತಾಸಿನಲ್ಲಿ ಅವನು ತೂಕಡಿಸಿದಾಗ ಯಾವ ಶಿಕ್ಷಕನ ಕೈಯೂ ಮೇಲೆ ಏಳುವುದಿಲ್ಲ.

ಕಾನೂನಿನಲ್ಲಿ ಇದಕ್ಕೆ ಜಾಗ ಇಲ್ಲವೇ ಎಂದು ಕೇಳಬಹುದು. ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಆದರೆ ಆ ಕಾಯ್ದೆಯ ಕೈ ಹದಿನಾಲ್ಕು ವರ್ಷಕ್ಕೆ, ಎಂಟನೆಯ ತರಗತಿಗೆ ನಿಲ್ಲುತ್ತದೆ. ನಮ್ಮಂಥ ಅನುದಾನಿತ ಶಾಲೆಗಳಲ್ಲಿ ಆ ಸಮಿತಿ ಸಲಹೆ ಕೊಡಬಹುದು, ಅಷ್ಟೇ. ಒಂಬತ್ತು, ಹತ್ತನೆಯ ತರಗತಿ, ಅಂದರೆ ಮಕ್ಕಳು ಶಾಲೆ ಬಿಡುವ ವಯಸ್ಸು, ಅಲ್ಲಿ ನಮ್ಮ ಮನಸ್ಸೇ ಕಾನೂನು.

ಈಗ ಎಲ್ಲರೂ, 'ಸರ, ನಿಮ್ಮ ಕಾಲ ಹೋಯ್ತು, ಈಗ ವಾಟ್ಸಾಪ್ ಗ್ರೂಪ್ ಐತಿ' ಎನ್ನುತ್ತಾರೆ. ಇರಲಿ, ಒಳ್ಳೆಯದು. ನನ್ನ ಮೊಮ್ಮಗಳು ಪಟ್ಟಣದ ಒಂದು ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಓದುತ್ತಾಳೆ. ನನ್ನ ಸೊಸೆಯ ಮೊಬೈಲಿಗೆ ಆ ಶಾಲೆಯಿಂದ ಒಂದು ದಿನಕ್ಕೆ ಹನ್ನೊಂದು ಸಂದೇಶ ಬಂದದ್ದನ್ನು ನಾನು ಎಣಿಸಿದ್ದೇನೆ. ಶುಲ್ಕದ ಕಂತು, ನಾಳೆ ಹಳದಿ ಬಣ್ಣದ ಅಂಗಿ, ಫೋಟೊಗೆ ಇಷ್ಟು ಹಣ, ಮತ್ತೆ ಶುಲ್ಕದ ಕಂತು. ಮಗು ಆ ದಿನ ಏನು ಕಲಿಯಿತು ಎಂಬುದು ಹನ್ನೊಂದರಲ್ಲಿ ಒಂದರಲ್ಲೂ ಇರಲಿಲ್ಲ. ನಮ್ಮ ಹಳೆಯ ಅಚ್ಚಿನ ಕಾರ್ಡು ಈಗ ಗಾಜಿನ ಮೇಲೆ ಬರುತ್ತಿದೆ ಎಂದುಕೊಂಡೆ.

ಹಳ್ಳಿಯಲ್ಲಿ ಆ ಮೊಬೈಲು ಯಾರ ಕೈಯಲ್ಲಿದೆ ಎಂಬುದನ್ನೂ ನೋಡಬೇಕು. ತಂದೆ ಅದನ್ನು ಕಿಸೆಯಲ್ಲಿಟ್ಟುಕೊಂಡು ದುಡಿಯಲು ಗೋವೆಗೋ ಬೆಂಗಳೂರಿಗೋ ಹೋಗಿರುತ್ತಾನೆ. ಇಲ್ಲವೇ ಅದು ಮಗನ ಕೈಯಲ್ಲೇ ಇರುತ್ತದೆ. ಅವನ ಮೇಲಿನ ದೂರನ್ನು ಅವನೇ ಓದಿ ಅವನೇ ಅಳಿಸುತ್ತಾನೆ. ಹಿಂದೆ ಪ್ರಗತಿ ಪತ್ರಕ್ಕೆ ಅಪ್ಪನ ಸಹಿಯನ್ನು ತಾವೇ ಹಾಕುತ್ತಿದ್ದರು, ಇದು ಅದರ ತಮ್ಮ. ಗ್ರೂಪಿನಲ್ಲಿ ಎಲ್ಲ ಮಕ್ಕಳ ಅಂಕ ಒಟ್ಟಿಗೆ ಹಾಕುವುದನ್ನು ದಯವಿಟ್ಟು ನಿಲ್ಲಿಸಬೇಕು ಎಂದು ಇಲ್ಲಿರುವ ಶಿಕ್ಷಕರನ್ನು ಕೈಮುಗಿದು ಕೇಳುತ್ತೇನೆ. ಒಂದು ಮಗುವಿನ ಸೋಲನ್ನು ಅರವತ್ತು ಮನೆ ಓದುವುದು ಸುದ್ದಿಯಲ್ಲ, ಡಂಗುರ. ಬರೆದದ್ದರ ಬದಲು ಒಂದು ನಿಮಿಷ ಧ್ವನಿ ಸಂದೇಶ ಕಳಿಸಿ, ನಮ್ಮ ಮಾತಿನಲ್ಲಿ. ಓದಲು ಬಾರದ ಅಜ್ಜಿಯೂ ಕೇಳುತ್ತಾಳೆ, ಎರಡು ಸಲ ಕೇಳುತ್ತಾಳೆ.

ಕೊನೆಯದಾಗಿ ಒಂದು ಕಠಿಣವಾದ ಮಾತು. ಇಷ್ಟು ಹೊತ್ತು ಹೇಳಿ ಹೇಳಿ ಎಂದೆ. ಹೇಳಬಾರದ್ದೂ ಇದೆ. ಒಬ್ಬ ಹುಡುಗ ತನ್ನ ಶಿಕ್ಷಕರ ಹತ್ತಿರ, ಅಪ್ಪ ಕುಡಿದು ಬಂದು ಅವ್ವನನ್ನು ಹೊಡೆಯುತ್ತಾನೆ, ಓದಲು ಆಗುವುದಿಲ್ಲ ಎಂದು ಹೇಳಿಕೊಂಡ. ಆ ಶಿಕ್ಷಕರು ಒಳ್ಳೆಯ ಮನಸ್ಸಿನಿಂದಲೇ ತಂದೆಯನ್ನು ಕರೆಸಿ ಬುದ್ಧಿ ಹೇಳಿದರು. ಆ ರಾತ್ರಿ ಹುಡುಗನ ಬೆನ್ನು ಕಿತ್ತುಬಂತು. ಆಮೇಲೆ ಆ ಹುಡುಗ ಯಾರ ಹತ್ತಿರವೂ ಏನೂ ಹೇಳಲಿಲ್ಲ. ಇನ್ನು ಹುಡುಗಿಯೊಬ್ಬಳು ಹುಡುಗನೊಬ್ಬನ ಜೊತೆ ಬಸ್ ಸ್ಟ್ಯಾಂಡಿನಲ್ಲಿ ಮಾತಾಡಿದಳು ಎಂಬ ಸುದ್ದಿ. ಇದನ್ನು ಮನೆಗೆ ಮುಟ್ಟಿಸಲು ನಮ್ಮಲ್ಲಿ ಬಹಳ ಜನರಿಗೆ ಅವಸರ! ಆ ಸುದ್ದಿ ಮುಟ್ಟಿದ ವಾರದಲ್ಲಿ ಆ ಹುಡುಗಿಯ ಶಾಲೆ ನಿಲ್ಲುತ್ತದೆ, ತಿಂಗಳಲ್ಲಿ ಲಗ್ನ ನಿಶ್ಚಯವಾಗುತ್ತದೆ. ನಾನು ಕಣ್ಣಾರೆ ಕಂಡಿದ್ದೇನೆ. ಅಂಥದ್ದಿದ್ದರೆ ಶಿಕ್ಷಕಿ ಮೊದಲು ಹುಡುಗಿಯನ್ನು ಕೂಡಿಸಿಕೊಂಡು ಕೇಳಲಿ. ಕಾರ್ಡು ಬೇಡ, ಕರೆ ಬೇಡ. ಮಗುವಿನ ಜೀವಕ್ಕೆ ಅಪಾಯ ಇದ್ದರೆ ಮಾತ್ರ ಕಾಯಬಾರದು, 1098ಕ್ಕೆ ಕರೆ ಮಾಡಬೇಕು. ಬಾಲ್ಯವಿವಾಹದ ಸುಳಿವು ಸಿಕ್ಕರೂ ಅದೇ ನಂಬರು. ನಾನು 1998ರಲ್ಲಿ ಮಾಡದೆ ಉಳಿದದ್ದನ್ನು ನೀವು ಮಾಡಿರಿ.

ಪೂಜ್ಯರಲ್ಲಿ ನನ್ನದೊಂದು ಬಿನ್ನಹ ಇದೆ, ಆಮೇಲೆ ಕೂಡುತ್ತೇನೆ. ನಮ್ಮ ಶ್ರೀಮಠದ ಪ್ರೌಢಶಾಲೆಯ ಎಂಟನೆಯ ತರಗತಿಗೆ ಈ ವರ್ಷ 84 ಮಕ್ಕಳು ಬಂದಿದ್ದಾರೆ. ಈಗಿನ ಮುಖ್ಯಾಧ್ಯಾಪಕರು ಹೆಸರಿನ ಯಾದಿ ಮಾಡಿ ಕೊಟ್ಟಿದ್ದಾರೆ. ಶಿಕ್ಷಕರು ಆರು ಜನ, ಎರಡು ಹುದ್ದೆ ಖಾಲಿ. ಆದ್ದರಿಂದ ಅವರ ಜೊತೆಗೆ ನಾವೂ ಹೊರಡಬೇಕು. ನಿವೃತ್ತ ಶಿಕ್ಷಕರು, ಕಾಲೇಜಿಗೆ ಹೋಗುವ ಹುಡುಗಿಯರು, ಬಸವ ಕೇಂದ್ರದ ಸದಸ್ಯರು, ಯಾರಾದರೂ ಆದೀತು. ಆದರೆ ತರಗತಿಯ ಶಿಕ್ಷಕರಿಂದ ಆ ಮಗುವಿನ ಸುದ್ದಿ ಕೇಳಿಕೊಂಡೇ ಹೋಗಬೇಕು, ಬರಿಗೈಯಲ್ಲಿ ಹೋಗಬಾರದು. ಇಬ್ಬರು ಕೂಡಿ ಹೋಗಬೇಕು, ಅದರಲ್ಲಿ ಒಬ್ಬರು ಹೆಣ್ಣುಮಗಳಿರಬೇಕು. ಮನೆಯವರು ಹೇಳಿದ್ದನ್ನು ಬಂದು ಶಾಲೆಗೆ ಹೇಳಬೇಕು, ಓಣಿಗೆ ಹೇಳಬಾರದು.

ಪೇಟೆ ಓಣಿ, ಗೌಡರ ಓಣಿಗೆ ಹೋಗಲು ಈಗಾಗಲೇ ಬಹಳ ಜನ ಹೆಸರು ಕೊಟ್ಟಿದ್ದಾರೆ, ಅಲ್ಲಿ ಚಹಾ ಚೆನ್ನಾಗಿ ಸಿಗುತ್ತದೆ! ಕೆಳಗಿನ ಓಣಿಯ ಹದಿನಾಲ್ಕು ಮನೆಗೆ ಮೂವರು ಬೇಕು. ಹಳ್ಳದ ಆಚೆಯ ತಾಂಡಾಕ್ಕೆ ಒಂಬತ್ತು ಮನೆ, ಅಲ್ಲಿಗೆ ಇನ್ನೂ ಯಾರೂ ಹೆಸರು ಕೊಟ್ಟಿಲ್ಲ. ಮುಂದಿನ ಸೋಮವಾರ ಸಂಜೆ ಆರಕ್ಕೆ ನಾನು ತಾಂಡಾಕ್ಕೆ ಹೊರಡುತ್ತೇನೆ. ಹಳ್ಳ ದಾಟುವಾಗ ಕೈ ಹಿಡಿಯಲು ಒಬ್ಬರು ಬೇಕು. ಯಾದಿ ಪ್ರಸಾದ ನಿಲಯದ ಬಾಗಿಲಲ್ಲಿ ಮೇಜಿನ ಮೇಲಿದೆ, ಪೆನ್ನೂ ಇಟ್ಟಿದ್ದೇನೆ. ಪ್ರಸಾದಕ್ಕೆ ಕೂಡುವ ಮೊದಲು ಹೆಸರು ಬರೆದು ಕೂಡಬೇಕೆಂದು ವಿನಂತಿ.